ಬಾಂಬೆ ಹೈನಲ್ಲಿ ಎಣ್ಣೆ ಚಿಮ್ಮುತ್ತಿತ್ತಾ?

ನಿಮ್ಮ ಪ್ರಶ್ನೆ ಇದು: ಎಂಬತ್ತರ ದಶಕದಲ್ಲಿ ಅರಬ್ಬೀ ಸಮುದ್ರದ ಎಣ್ಣೆ ಕ್ಷೇತ್ರ ಬಾಂಬೆ ಹೈನಲ್ಲಿ ದುಡಿದವರು ಯಾರಾದರೂ ಇದ್ದೀರಾ, ಎಣ್ಣೆ ಸಿಕ್ಕಾಗ ಸಿನಿಮಾದಲ್ಲಿ ತೋರಿಸುವ ಹಾಗೆ ಕಾರಂಜಿ ಚಿಮ್ಮುತ್ತಿತ್ತಾ?

ನಾನಿದ್ದೆ. ಏಳು ವರ್ಷ ರಿಗ್ ಮೇಲೆ, ಅಂದರೆ ಸಮುದ್ರದಲ್ಲಿ ಬಾವಿ ಕೊರೆಯುವ ಕಟ್ಟೆ ಮೇಲೆ ಕಳೆದೆ. ಒಂದು ಸಲವೂ ಎಣ್ಣೆ ಚಿಮ್ಮಿದ್ದನ್ನು ನೋಡಲಿಲ್ಲ, ಪುಣ್ಯಕ್ಕೆ.

ನಮ್ಮ ಕಡೆ ಬೋರ್‌ವೆಲ್ ಕೊರೆಸುವಾಗ ನೀರು ಎಷ್ಟು ಎತ್ತರಕ್ಕೆ ಚಿಮ್ಮಿದರೆ ಅಷ್ಟು ಖುಷಿ, ಅಲ್ವಾ? ಎಣ್ಣೆ ಬಾವಿಯಲ್ಲಿ ಲೆಕ್ಕ ಉಲ್ಟಾ. ಕೊರೆಯುತ್ತಿರುವಾಗಲೇ ಗ್ಯಾಸೋ ಎಣ್ಣೆಯೋ ನುಗ್ಗಿ ಬಂದರೆ ಬಾವಿ ಕೈ ತಪ್ಪಿತು ಅಂತ. ಅದೇ ಬ್ಲೋಔಟ್. 1982ರಲ್ಲಿ ಸಾಗರ್ ವಿಕಾಸ್ ರಿಗ್‌ನಲ್ಲಿ ಹಾಗಾಗಿತ್ತು. ನಾನು ಸೇರಿದ್ದು ಮಾರನೇ ವರ್ಷ. ಮೆಸ್‌ನಲ್ಲಿ ತಟ್ಟೆ ಹಿಡಿದು ಕೂತರೆ ಇನ್ನೂ ಅದೇ ಮಾತು.

ಎಣ್ಣೆಯನ್ನು ಕೆಳಗೇ ಅದುಮಿ ಹಿಡಿಯೋದು ಮಡ್. ಹೆಸರಿಗೆ ಕೆಸರು. ಬೆಂಟೊನೈಟ್ ಅನ್ನೋ ಜೇಡಿಯನ್ನು ನೀರಿನಲ್ಲಿ ಕಲಸಿ, ತೂಕ ಬೇಕಾದಾಗ ಬೇರೈಟ್ ಅನ್ನೋ ಭಾರದ ಖನಿಜದ ಪುಡಿ ಸುರಿಯುತ್ತೇವೆ. ಬೇರೈಟ್ ದೊಡ್ಡ ಪ್ರಮಾಣದಲ್ಲಿ ಸಿಗೋದು ನಮ್ಮ ಪಕ್ಕದ ಆಂಧ್ರದ ಮಂಗಂಪೇಟೆಯಲ್ಲೇ. ಪಂಪು ಈ ಮಡ್ಡನ್ನು ಪೈಪಿನೊಳಗಿಂದ ತಳಕ್ಕೆ ತಳ್ಳುತ್ತದೆ. ಅದು ಪೈಪಿನ ತುದಿಯಲ್ಲಿ ಕಲ್ಲು ಕೊರೆಯುವ ಬಿಟ್‌ನ ತೂತಿನಿಂದ ಹೊರಬಿದ್ದು, ಕಲ್ಲಿನ ಚೂರುಗಳನ್ನು ಹೊತ್ತುಕೊಂಡು ಪೈಪಿನ ಹೊರಗಡೆಯಿಂದ ಮೇಲೆ ಬರುತ್ತದೆ. ಜರಡಿಯಲ್ಲಿ ಚೂರು ಬೇರೆಯಾಗಿ ಮಡ್ ಮತ್ತೆ ಟ್ಯಾಂಕ್‌ಗೆ. ಹಗಲೂ ರಾತ್ರಿ ಇದೇ ಸುತ್ತು.

ನಾನು ಆ ಮಡ್ಡಿನ ಕೆಮಿಸ್ಟ್. ರಜೆಗೆ ಊರಿಗೆ ಬಂದಾಗ ಅಮ್ಮ ಕೇಳಿದ್ದರು: "ಮಣ್ಣು ಕಲಸೋಕೆ ಎಂಎಸ್ಸಿ ಓದಬೇಕಿತ್ತೇನೋ?" ಏನು ಹೇಳೋದು! ಕೆಲಸ ಹೆಚ್ಚುಕಡಿಮೆ ಅದೇ. ಒಂದು ಆಲಿಕೆಗೆ ಮಡ್ ತುಂಬಿ, ಅಳತೆಯ ಮಗ್ಗು ತುಂಬೋಕೆ ಎಷ್ಟು ಸೆಕೆಂಡು ಅಂತ ನೋಡೋದು. ಬರೀ ನೀರಾದರೆ 26. ಮಡ್ ಅದಕ್ಕಿಂತ ನಿಧಾನ ಇಳಿಯಬೇಕು, ಆದರೆ ಗಂಜಿಯಾಗಬಾರದು.

ಬಾಂಬೆ ಹೈನಲ್ಲಿ ನಿಜವಾದ ತಲೆನೋವು ಸುಣ್ಣಕಲ್ಲು. ಎಣ್ಣೆ ಇರೋದು ಅದರ ತೂತು, ಬಿರುಕುಗಳಲ್ಲೇ. ಅದೇ ಬಿರುಕು ನಮ್ಮ ಮಡ್ಡನ್ನೂ ಕುಡಿದುಬಿಡುತ್ತಿತ್ತು. ಟ್ಯಾಂಕ್ ಮಟ್ಟ ಇಳಿದರೆ ಮಡ್ ಕಲ್ಲಿಗೆ ಹೋಗುತ್ತಿದೆ. ಏರಿದರೆ ಕೆಳಗಿನಿಂದ ಗ್ಯಾಸ್ ತಳ್ಳುತ್ತಿದೆ, ಬಾವಿಯ ಬಾಯಿ ಮುಚ್ಚುವ ದೊಡ್ಡ ಕವಾಟ, ಬಿಓಪಿ, ಹಾಕಬೇಕು. ಒಂದು ರಾತ್ರಿ ಎರಡು ಗಂಟೆಗೆ ಮಟ್ಟ ಸರ್ರನೆ ಇಳಿಯಿತು. ಅಭ್ರಕದ ಚೂರು, ಅಕ್ರೋಟು ಸಿಪ್ಪೆಯ ಪುಡಿ ಮೂಟೆಗಟ್ಟಲೆ ಸುರಿದೆವು. ಬಿರುಕು ಕಟ್ಟಿಕೊಂಡಾಗ ಬೆಳಗಾಗಿತ್ತು. ಇವತ್ತಿಗೂ ಮನೆಯ ಸಂಪಿನ ಮಟ್ಟ ಎರಡೆರಡು ಸಲ ನೋಡುತ್ತೇನೆ.

ನನಗೆ ಕೆಲಸ ಕಲಿಸಿದ ಹಿರಿಯರು ಗುಜರಾತಿನ ಅಂಕಲೇಶ್ವರದಲ್ಲಿ ರಷ್ಯನ್ನರ ಜೊತೆ ದುಡಿದವರು. 1960ರಲ್ಲಿ ಎಣ್ಣೆ ಸಿಕ್ಕ ಅಲ್ಲಿನ ಮೊದಲ ಬಾವಿಗೆ ನೆಹರೂ 'ವಸುಧಾರಾ' ಅಂತ ಹೆಸರಿಟ್ಟಿದ್ದರು. ಸಮುದ್ರದ ಕಥೆ ಶುರುವಾಗಿದ್ದು 1974ರ ಫೆಬ್ರವರಿಯಲ್ಲಿ, ಜಪಾನಿನಲ್ಲಿ ಕಟ್ಟಿದ ಸಾಗರ್ ಸಮ್ರಾಟ್ ರಿಗ್‌ಗೆ ಎಣ್ಣೆ ಸಿಕ್ಕಾಗ. ಮುಂಬೈಯಿಂದ ಸುಮಾರು 160 ಕಿಲೋಮೀಟರ್ ದೂರ. 1976ರ ಮೇನಲ್ಲಿ ಉತ್ಪಾದನೆ ಶುರು. ಮೊದಮೊದಲು ಎಣ್ಣೆ ಹಡಗಿನಲ್ಲೇ ದಡಕ್ಕೆ ಬರುತ್ತಿತ್ತು, ಮುಂಬೈ ಪಕ್ಕದ ಉರಣ್‌ಗೆ ಪೈಪ್‌ಲೈನ್ ಬಂದಿದ್ದು ಆಮೇಲೆ.

ಹಾಗಾದರೆ ಎಣ್ಣೆ ಸಿಕ್ಕಿದ್ದು ಗೊತ್ತಾಗೋದು ಹೇಗೆ? ಜರಡಿಯಿಂದ ಒಂದು ಹಿಡಿ ಚೂರು ತೊಳೆದು, ಜಿಯಾಲಜಿಸ್ಟ್ ಅದನ್ನು ಒಂದು ಕಪ್ಪು ಡಬ್ಬಿಯೊಳಗೆ ಇಟ್ಟು ನೇರಳಾತೀತ ದೀಪ ಹಾಕುತ್ತಿದ್ದರು. ನನ್ನ ಮೊದಲ ಬಾವಿಯಲ್ಲಿ "ಬಾ, ನೋಡು" ಅಂತ ಕರೆದರು. ಕಣ್ಣಿಟ್ಟು ಬಗ್ಗಿದೆ. ಬೂದು ಬಣ್ಣದ ಸುಣ್ಣಕಲ್ಲಿನ ಪುಡಿ ಹಳದಿಯಾಗಿ ಹೊಳೆಯುತ್ತಿತ್ತು, ಅರಿಶಿನ ಸವರಿದ ಹಾಗೆ. ಅಷ್ಟೇ. ಅವರು ದೀಪ ಆರಿಸಿ, ಪುಸ್ತಕದಲ್ಲಿ ಆಳ ಬರೆದುಕೊಂಡು, ಟೀ ಕುಡಿಯೋಕೆ ಹೋದರು.