ಓದುಗರ ಪ್ರಶ್ನೆ: ಸುದ್ದಿಯ ರೂಪದಲ್ಲಿ ಬರುವ ಜಾಹೀರಾತು

ಪ್ರಶ್ನೆ: ಯುಗಾದಿಯ ಸಮಯದಲ್ಲಿ, ನಾವು ಬಹುಕಾಲದಿಂದ ತರಿಸುತ್ತಿರುವ ದಿನಪತ್ರಿಕೆಯ ಒಳಪುಟದಲ್ಲಿ, ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಹತ್ತಿರವೆಂದು ಹೇಳಲಾದ ಬಡಾವಣೆಯೊಂದರ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಪತ್ರಿಕೆಯವರೇ ವಿಚಾರಿಸಿ ಬರೆದಿರಬೇಕೆಂದು ನಂಬಿ ನನ್ನ ಅಳಿಯ ನಿವೇಶನಕ್ಕೆ ಮುಂಗಡ ಕೊಟ್ಟರು. ಆಮೇಲೆ ನೋಡಿದರೆ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಡ್ವರ್ಟೋರಿಯಲ್’ (ಲೇಖನದ ರೂಪದ ಜಾಹೀರಾತು) ಎಂದಿದೆ. ಇದು ಓದುಗರಿಗೆ ಮಾಡಿದ ಮೋಸವಲ್ಲವೇ? ಯಾರಿಗೆ ದೂರು ಕೊಡಬೇಕು?
– ನಿವೃತ್ತ ಶಿಕ್ಷಕಿ, ತುಮಕೂರು

ಉತ್ತರ: ಪತ್ರದೊಂದಿಗೆ ನೀವು ಕಳುಹಿಸಿರುವ ಪುಟದ ಪ್ರತಿಯನ್ನು ಗಮನವಿಟ್ಟು ಓದಿದ್ದೇನೆ. ನಿಮ್ಮ ಅಳಿಯಂದಿರು ಎಚ್ಚರ ತಪ್ಪಿದರೆಂದು ನಾನು ಹೇಳಲಾರೆ, ಏಕೆಂದರೆ ಓದುಗರು ಅದನ್ನು ಸುದ್ದಿಯೆಂದೇ ತಿಳಿಯುವಂತೆ ಆ ಪುಟವನ್ನು ರೂಪಿಸಲಾಗಿದೆ. ಶೀರ್ಷಿಕೆಯ ಅಕ್ಷರ, ಕಾಲಂಗಳ ಅಗಲ, ‘ತುಮಕೂರು:’ ಎಂದು ಶುರುವಾಗುವ ಮೊದಲ ಸಾಲು, ಎಲ್ಲವೂ ಪಕ್ಕದ ಪುಟದ ವರದಿಗಳಂತೆಯೇ ಇವೆ. ಆದರೆ ಬರೆದವರ ಹೆಸರಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರದವರಾಗಲಿ, ಗ್ರಾಮ ಪಂಚಾಯಿತಿಯವರಾಗಲಿ, ಅಲ್ಲಿ ಈಗಾಗಲೇ ನಿವೇಶನ ಕೊಂಡವರಾಗಲಿ ಒಂದು ಮಾತನ್ನೂ ಆಡಿಲ್ಲ. ‘ಎಲ್ಲ ಅನುಮತಿಗಳನ್ನು ಪಡೆಯಲಾಗಿದೆ’ ಎಂಬ ವಾಕ್ಯವಿದೆಯೇ ಹೊರತು ಭೂ ಪರಿವರ್ತನೆಯ ಆದೇಶದ ಸಂಖ್ಯೆಯಿಲ್ಲ, ದಿನಾಂಕವಿಲ್ಲ. ಚದರಡಿಯ ದರ ನಡುವೆ ಬರುತ್ತದೆ, ಮೊಬೈಲ್ ಸಂಖ್ಯೆ ಕೊನೆಯ ಸಾಲಿನಲ್ಲಿ ಬರುತ್ತದೆ, ಅದರ ಕೆಳಗೆ ಅದೇ ಬಡಾವಣೆಯ ಬಣ್ಣದ ಜಾಹೀರಾತಿದೆ.

ಪತ್ರಿಕೆಯೊಂದು ಹಣ ಪಡೆದು ಜಾಗ ಕೊಡುವುದನ್ನು ನಾನು ತಪ್ಪೆನ್ನುವುದಿಲ್ಲ. ನಾವು ಕೊಡುವ ಬೆಲೆಯಿಂದ ಕಾಗದ, ಮುದ್ರಣ, ಸಾಗಣೆಯ ಖರ್ಚು ಕೂಡ ಪೂರ್ತಿಯಾಗಿ ಹುಟ್ಟುವುದಿಲ್ಲವೆಂಬುದು ಈ ಉದ್ಯಮದಲ್ಲಿರುವ ಎಲ್ಲರಿಗೂ ಗೊತ್ತು. ಆ ಕೊರತೆಯನ್ನು ತುಂಬುವುದು ಜಾಹೀರಾತು. ತಪ್ಪಿರುವುದು ಹಣ ಕೊಟ್ಟವರು ಯಾರೆಂಬುದನ್ನು ಮರೆಮಾಚುವುದರಲ್ಲಿ. ಜಾಹೀರಾತನ್ನು ಜಾಹೀರಾತೆಂದು ತಿಳಿದು ಓದುವವರು ಅದರ ಮಾತನ್ನು ಅಳೆದು ತೂಗಿ ನೋಡುತ್ತಾರೆ. ಅದೇ ಮಾತು ವರದಿಯ ರೂಪದಲ್ಲಿ ಬಂದಾಗ, ಬೇರೊಬ್ಬರು ತಮ್ಮ ಪರವಾಗಿ ವಿಚಾರಿಸಿದ್ದಾರೆಂದು ಭಾವಿಸಿ ತಾವು ವಿಚಾರಿಸುವುದನ್ನು ಬಿಡುತ್ತಾರೆ. ಬಡಾವಣೆಯವರು ಹಣ ಕೊಟ್ಟು ಪಡೆದುಕೊಂಡದ್ದು ನಿಮ್ಮಂತಹ ಓದುಗರ ಈ ಭರವಸೆಯನ್ನೇ.

ಭಾರತೀಯ ಪತ್ರಿಕಾ ಮಂಡಳಿಯ ಆಚಾರಸಂಹಿತೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಜಾಹೀರಾತು ಸುದ್ದಿಯಿಂದ ಬೇರೆಯಾಗಿ ಕಾಣಬೇಕು, ಮತ್ತು ಮೊದಲೇ ಬಹಿರಂಗವಾಗಿ ಹೊಣೆಯನ್ನು ನಿರಾಕರಿಸದ ಹೊರತು, ಜಾಹೀರಾತನ್ನೂ ಒಳಗೊಂಡು ಪ್ರಕಟವಾದ ಎಲ್ಲದಕ್ಕೂ ಸಂಪಾದಕರೇ ಹೊಣೆ. ಕನ್ನಡ ಪುಟದ ಮೂಲೆಯಲ್ಲಿ ಭೂತಗನ್ನಡಿಗೆ ಮಾತ್ರ ಕಾಣುವಂತಹ ಇಂಗ್ಲಿಷ್ ಪದವೊಂದನ್ನು ಅಚ್ಚು ಮಾಡಿದರೆ ಜಾಹೀರಾತು ಬೇರೆಯಾಗಿ ಕಂಡಂತಾಗುವುದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಜಾಹೀರಾತಿನ ಷರತ್ತು ಮತ್ತು ವಿವರಣೆಗಳು ಆ ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಅದೇ ಅಕ್ಷರದಲ್ಲಿ ಇರಬೇಕೆನ್ನುತ್ತದೆ. ‘ಜಾಹೀರಾತು’ ಎಂಬ ಗುರುತಿಗೂ ಇದೇ ನ್ಯಾಯ ಸಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೂರಿಗೆ ಎರಡು ದಾರಿಗಳಿವೆ, ಎರಡನ್ನೂ ಹಿಡಿಯಿರಿ. ಪತ್ರಿಕೆಯ ವಿರುದ್ಧದ ದೂರಿಗೆ ಮೊದಲು ಸಂಪಾದಕರಿಗೇ ಬರೆಯಬೇಕು. ಮುದ್ರಕರು, ಪ್ರಕಾಶಕರು ಮತ್ತು ಸಂಪಾದಕರ ಹೆಸರು ಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ. ಸಮಾಧಾನಕರ ಉತ್ತರ ಬಾರದಿದ್ದರೆ ಪತ್ರಿಕಾ ಮಂಡಳಿಗೆ ದೂರು ಸಲ್ಲಿಸಬಹುದು. ದಿನಪತ್ರಿಕೆಯಾದರೆ ಪ್ರಕಟವಾದ 2 ತಿಂಗಳೊಳಗೆ ದೂರು ತಲುಪಬೇಕು, ಆದ್ದರಿಂದ ತಡಮಾಡಬೇಡಿ. 1978ರ ಕಾಯ್ದೆಯಡಿ ಮಂಡಳಿಗೆ ಎಚ್ಚರಿಕೆ ಕೊಡುವ, ಛೀಮಾರಿ ಹಾಕುವ ಅಧಿಕಾರವಿದೆಯೇ ಹೊರತು ದಂಡ ವಿಧಿಸುವ ಅಧಿಕಾರವಿಲ್ಲ. ಇದು ದೊಡ್ಡ ಕೊರತೆ ನಿಜ. ಆದರೂ ಲಿಖಿತ ದೂರು ದಾಖಲೆಯಾಗಿ ಉಳಿಯುತ್ತದೆ, ಮತ್ತು ಓದುಗರು ಮೌನವಾಗಿದ್ದಾರೆಂಬ ನೆಪ ಸಂಪಾದಕರಿಗೆ ಇಲ್ಲವಾಗುತ್ತದೆ.

ಹಣದ ವಿಷಯಕ್ಕೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಡಾವಣೆಯ ಜಾಗ 500 ಚದರ ಮೀಟರ್ ಮೀರಿದ್ದರೆ, ನೋಂದಣಿಯಿಲ್ಲದೆ ಅದರ ಜಾಹೀರಾತು ಕೊಡುವುದಕ್ಕೂ ಮುಂಗಡ ಪಡೆಯುವುದಕ್ಕೂ 2016ರ ಈ ಕಾಯ್ದೆಯಲ್ಲಿ ಅವಕಾಶವಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ರೇರಾ ಪ್ರಾಧಿಕಾರದ ಜಾಲತಾಣದ ವಿಳಾಸವೂ ಇರಲೇಬೇಕು. ನಿಮ್ಮ ಪುಟದಲ್ಲಿ ಎರಡೂ ಇಲ್ಲ. ಜಾಹೀರಾತಿನ ಸುಳ್ಳು ಮಾತನ್ನು ನಂಬಿ ಹಣ ಕೊಟ್ಟು ನಷ್ಟಕ್ಕೊಳಗಾದವರು ಪರಿಹಾರ ಕೇಳಬಹುದು, ವ್ಯವಹಾರದಿಂದ ಹಿಂದೆ ಸರಿದು ಬಡ್ಡಿಸಮೇತ ಹಣ ವಾಪಸು ಪಡೆಯಲೂಬಹುದು ಎಂದು ಸೆಕ್ಷನ್ 12 ಹೇಳುತ್ತದೆ. ಮುಂಗಡವು ಬೆಲೆಯ ಶೇ 10ನ್ನು ಮೀರಿದ್ದು, ಮಾರಾಟದ ಕರಾರು ಮೊದಲೇ ನೋಂದಣಿಯಾಗಿರದಿದ್ದರೆ ಅದು ಇನ್ನೊಂದು ಉಲ್ಲಂಘನೆ. ಆ ಪತ್ರಿಕೆಯ ಮೂಲಪ್ರತಿ, ಹಣ ಕೊಟ್ಟ ರಸೀದಿ ಮತ್ತು ಬ್ಯಾಂಕಿನ ದಾಖಲೆಯನ್ನು ಜೋಪಾನವಾಗಿಟ್ಟುಕೊಂಡು ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಕೊಡಿ.

ಪತ್ರಿಕೆಯನ್ನು ಇನ್ನು ನಂಬುವುದು ಹೇಗೆ ಎಂಬ ಮಾತನ್ನೂ ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನನಗೆ ಹೆಚ್ಚು ನೋವು ತರುವುದು ಅದೇ. ಪಾವಗಡ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡಿನ ಬಗ್ಗೆ, ಅದರಿಂದ ಹಲ್ಲು ಮತ್ತು ಮೂಳೆ ಕೆಟ್ಟವರ ಬಗ್ಗೆ ಊರೂರು ತಿರುಗಿ ಬರೆಯುವ ವರದಿಗಾರರ ಬರಹವೂ ಇಂತಹ ಪುಟಗಳ ಪಕ್ಕದಲ್ಲೇ ಅಚ್ಚಾಗುತ್ತದೆ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದೆಯೆಂದು ಅವರು ಬರೆದಾಗ, ‘ಯಾರೋ ಹೊಸ ಯಂತ್ರ ಮಾರುವವರು ಬರೆಸಿರಬೇಕು’ ಎಂದು ಓದುಗರು ಅನುಮಾನಪಟ್ಟರೆ ಅದರ ನಷ್ಟ ಪತ್ರಿಕೆಯವರದು ಮಾತ್ರವಲ್ಲ, ಆ ನೀರನ್ನು ಕುಡಿಯುವವರದೂ ಹೌದು.

ಪ್ರಶ್ನೆ: ನಾನು ದಿನಪತ್ರಿಕೆಯೊಂದರ ಅರೆಕಾಲಿಕ ವರದಿಗಾರ. ಸುದ್ದಿಗೆ ಸಿಗುವ ಸಂಭಾವನೆ ಪೆಟ್ರೋಲಿಗೂ ಸಾಲದು. ವಾರ್ಷಿಕ ಪುರವಣಿಗೆ ಜಾಹೀರಾತು ತಂದರೆ ಕಮಿಷನ್ ಸಿಗುತ್ತದೆ. ಆದರೆ ಜಾಹೀರಾತು ಕೊಟ್ಟ ಶಾಲೆಯ ಶುಲ್ಕದ ಬಗ್ಗೆ ಪೋಷಕರು ದೂರು ತಂದಾಗ ನನ್ನ ಕೈ ಕಟ್ಟಿದಂತಾಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಗುಬ್ಬಿ

ಉತ್ತರ: ತಾಲ್ಲೂಕು ಮಟ್ಟದ ಅನೇಕ ವರದಿಗಾರರ ಕಷ್ಟವನ್ನು ನೀವು ಬರೆದಿದ್ದೀರಿ, ಮತ್ತು ಇದರ ಮೊದಲ ಹೊಣೆ ಬದುಕಲು ಸಾಕಾಗುವ ಸಂಬಳ ಕೊಡದೆ ಸುದ್ದಿಯನ್ನೂ ಜಾಹೀರಾತನ್ನೂ ಒಬ್ಬರ ಕೈಯಲ್ಲೇ ತರಿಸುವ ಆಡಳಿತದ್ದು. ಬೆಳಿಗ್ಗೆ ಪ್ರಾಂಶುಪಾಲರ ಕೊಠಡಿಯಲ್ಲಿ ಪುರವಣಿಗೆ ಚೆಕ್ ಪಡೆದವರು ಸಂಜೆ ಅದೇ ಕೊಠಡಿಗೆ ಹೋಗಿ ಶುಲ್ಕದ ರಸೀದಿ ತೋರಿಸಿ ಎಂದು ಕೇಳುವುದು ಸುಲಭವಲ್ಲ. ಜಾಹೀರಾತಿನ ಕೆಲಸವನ್ನು ಪ್ರಸರಣದ ಏಜೆಂಟರಿಗೆ ಅಥವಾ ಬೇರೆ ಯಾರಿಗಾದರೂ ಬಿಟ್ಟುಕೊಡಲು ಸಾಧ್ಯವೇ ಎಂದು ಜಿಲ್ಲಾ ಕಚೇರಿಯಲ್ಲಿ ಕೇಳಿ. ಅದು ಆಗದಿದ್ದರೆ, ನೀವೇ ಜಾಹೀರಾತು ತಂದ ಸಂಸ್ಥೆಯ ಮೇಲಿನ ದೂರನ್ನು ನೀವು ಬರೆಯಬೇಡಿ, ಮುಚ್ಚಿಡಲೂ ಬೇಡಿ. ಪೋಷಕರು ಕೊಟ್ಟ ಕಾಗದಗಳೊಂದಿಗೆ ಜಿಲ್ಲಾ ವರದಿಗಾರರಿಗೆ ಒಪ್ಪಿಸಿ, ಆ ಸಂಸ್ಥೆಯಿಂದ ಕಮಿಷನ್ ಪಡೆದಿದ್ದೇನೆಂಬುದನ್ನು ಬರಹದಲ್ಲೇ ತಿಳಿಸಿ. ಪುರವಣಿಯ ಆದಾಯ ಸ್ವಲ್ಪ ಕಡಿಮೆಯಾಗಬಹುದು. ಆದರೆ ದೂರು ಹಿಡಿದು ನಿಮ್ಮ ಮನೆಬಾಗಿಲಿಗೆ ಬರುವ ಪೋಷಕರಿಗೆ ಊರಿನಲ್ಲಿ ಬೇರೆ ಆಸರೆಯಿಲ್ಲವೆಂಬುದನ್ನು ಮರೆಯಬೇಡಿ.

ಪ್ರಶ್ನೆ: ಚುನಾವಣೆಯ ಸಮಯದಲ್ಲಿ ಒಬ್ಬ ಅಭ್ಯರ್ಥಿಯನ್ನು ಹೊಗಳುವ ಬರಹ ಎರಡು ಪತ್ರಿಕೆಗಳಲ್ಲಿ ಅಕ್ಷರವೂ ಬದಲಾಗದೆ ಬಂದಿತ್ತು. ಇದು ಕಾನೂನಿನ ಪ್ರಕಾರ ಅಪರಾಧವೇ?
– ಓದುಗರೊಬ್ಬರು, ಕುಣಿಗಲ್

ಉತ್ತರ: ಎರಡು ಪತ್ರಿಕೆಗಳಲ್ಲಿ ಒಂದೇ ಒಕ್ಕಣೆ ಬಂದಿದ್ದರೆ ಅದು ಕಾಸಿಗಾಗಿ ಸುದ್ದಿ ಎಂದು ಅನುಮಾನಿಸಲು ಬಲವಾದ ಕಾರಣವಿದೆ, ಪತ್ರಿಕಾ ಪ್ರಕಟಣೆಯನ್ನು ಇಬ್ಬರೂ ಹಾಗೆಯೇ ಹಾಕಿಕೊಂಡಿರುವ ಸಾಧ್ಯತೆಯನ್ನೂ ನೋಡಬೇಕು. ಕಾಸಿಗಾಗಿ ಸುದ್ದಿ ಇನ್ನೂ ಪ್ರತ್ಯೇಕ ಚುನಾವಣಾ ಅಪರಾಧವಾಗಿಲ್ಲ. ಹಾಗೆ ಮಾಡಬೇಕೆಂದು ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿತ್ತು. ಸದ್ಯಕ್ಕೆ ಹಿಡಿತವಿರುವುದು ಖರ್ಚಿನ ಲೆಕ್ಕದ ಮೂಲಕ. ಕರ್ನಾಟಕದಲ್ಲಿ ವಿಧಾನಸಭೆಯ ಅಭ್ಯರ್ಥಿ ಮಾಡಬಹುದಾದ ವೆಚ್ಚದ ಮಿತಿಯನ್ನು 2022ರಲ್ಲಿ 40 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಬರಹಕ್ಕೆ ಹಣ ಸಂದಿದೆಯೆಂದು ತೀರ್ಮಾನವಾದರೆ ಅದರ ವೆಚ್ಚ ಆ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಲಘುವಾಗಿ ನೋಡುವಂತಿಲ್ಲ: ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಶಾಸಕಿಯೊಬ್ಬರನ್ನು, ಹೀಗೆ ಹಣ ಕೊಟ್ಟು ಹಾಕಿಸಿದ ಸುದ್ದಿಯ ವೆಚ್ಚವನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂಬ ಕಾರಣಕ್ಕೆ, ಚುನಾವಣಾ ಆಯೋಗವು 2011ರ ಅಕ್ಟೋಬರ್‌ನಲ್ಲಿ 3 ವರ್ಷಗಳ ಕಾಲ ಅನರ್ಹಗೊಳಿಸಿತು.

ಪ್ರತಿ ಜಿಲ್ಲೆಯಲ್ಲೂ ಚುನಾವಣೆಯ ವೇಳೆ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಕೆಲಸ ಮಾಡುತ್ತದೆ. ಮುಂದಿನ ಬಾರಿ ಇಂತಹ ಬರಹ ಕಂಡರೆ, ಎರಡೂ ಪತ್ರಿಕೆಗಳ ಪೂರ್ತಿ ಪುಟಗಳನ್ನು ದಿನಾಂಕ ಕಾಣುವಂತೆ ಇಟ್ಟುಕೊಂಡು, ಜಿಲ್ಲಾ ಚುನಾವಣಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಗಳಿಗೆ ಮತದಾನಕ್ಕೆ ಮುಂಚೆಯೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.