ಶಾಲು ಹೊದಿಸಿದರೆ ಮಗು ಅಳುತ್ತದೆ ಅಂದಿದ್ದಕ್ಕೆ

ಹೋಟೆಲಿನಲ್ಲಿ ಹಾಲು ಕುಡಿಸಲು ಶಾಲು ಹೊದಿಸಿದ ತಕ್ಷಣ ನಾಲ್ಕು ತಿಂಗಳ ಮಗು ಕಿರುಚುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ ಅಂದಿರಲ್ಲ, ಬಹುಶಃ ಶಾಲೇ ಕಾರಣ. ಒಳಗೆ ಸೆಕೆ, ನಿಮ್ಮ ಮುಖವೂ ಕಾಣುವುದಿಲ್ಲ. ನನ್ನ ಮಗಳೂ ಹೀಗೇ ಒದೆಯುತ್ತಿದ್ದಳು.

ಮೊದಲು, ಅಳುವವರೆಗೆ ಕಾಯಬೇಡಿ. ಕೈ ಬಾಯಿಗಿಟ್ಟು ತಲೆ ಆಚೀಚೆ ಆಡಿಸಿದರೆ ಹಸಿವು ಶುರು, ಆಗಲೇ ಎದೆಗೆ ಹಾಕಿಕೊಳ್ಳಿ. ಜನ ತಿರುಗುವುದು ಜಾಸ್ತಿ ಅಳು ಕೇಳಿಯೇ. ಮೂಲೆ ಟೇಬಲ್ ಹಿಡಿಯಿರಿ. ಎರಡು ಪದರ ಬಟ್ಟೆ ಹಾಕಿ: ಮೇಲಿನದನ್ನು ಎತ್ತಿ, ಒಳಗಿನದನ್ನು ಕೆಳಗೆ ಸರಿಸಿ. ಉಳಿದದ್ದನ್ನು ಮಗುವಿನ ತಲೆಯೇ ಮರೆಮಾಡುತ್ತದೆ. ಮನೆಯಲ್ಲಿ ಕನ್ನಡಿ ಮುಂದೆ ಒಮ್ಮೆ ನೋಡಿಕೊಳ್ಳಿ, ಧೈರ್ಯ ಬರುತ್ತದೆ.

ಯಾರಾದರೂ ಟಾಯ್ಲೆಟ್‌ಗೆ ಹೋಗಿ ಅಂದರೆ (ಅಲ್ಲಿ ಯಾರಾದರೂ ಊಟ ಮಾಡ್ತಾರಾ?) "ಇಲ್ಲೇ ಮುಗಿಸ್ತೀನಿ" ಅಂದು ಸುಮ್ನೆ ಮುಂದುವರಿಸಿ. ಮನೆಯಲ್ಲಿ ಶಾಲಿಲ್ಲದೆಯೂ ಹೀಗೇ ಅತ್ತರೆ ಡಾಕ್ಟರಿಗೆ ತೋರಿಸಿ.