ಮೂರು ದಿನದ ಕೂಸು ಮತ್ತು ಜನ್ಮಪಾಪ

ಪ್ರಿಯ ಸಹೋದರಿ,

ಗುಳೇದಗುಡ್ಡದಿಂದ ನೀವು ಬರೆದ ಪತ್ರದ ಸಾರವನ್ನು ಮೊದಲು ಓದುಗರಿಗೆ ತಿಳಿಸುತ್ತೇನೆ. ನಿಮ್ಮದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆ. ತಂಗಿಯನ್ನು ಕೊಟ್ಟದ್ದು ವಿಜಯಪುರ ಜಿಲ್ಲೆಯ ಕಥೋಲಿಕ ಮನೆಗೆ. ಅವಳ ಕೂಸು ಹುಟ್ಟಿದ ಮೂರನೆಯ ದಿನ ತೀರಿಕೊಂಡಿತು, ದೀಕ್ಷಾಸ್ನಾನ (ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ) ಆಗಿರಲಿಲ್ಲ. ಗುರುಗಳನ್ನು ಕರೆಯದೆಯೇ ಮಣ್ಣು ಕೊಟ್ಟಿರಿ. ಅದೇ ಸಂಜೆ ಬೀಗರ ಕಡೆಯ ಹಿರಿಯರೊಬ್ಬರು, ‘ಜನ್ಮಪಾಪ ತೊಳೆಯದ ಕೂಸು ದೇವರ ಮುಖ ಕಾಣುವುದಿಲ್ಲ’ ಎಂದರು. ಬೇರೊಂದು ಸಭೆಗೆ ಹೋಗುವ ನಿಮ್ಮ ಸೋದರಮಾವ, ‘ಕೂಸಿಗೆ ಪಾಪವೇ ಇಲ್ಲ, ನೀರು ಯಾತಕ್ಕೆ?’ ಎಂದರು. ಜನ್ಮಪಾಪವೆಂದರೆ ಮೊದಲ ಮನುಷ್ಯ ಆದಾಮನಿಂದ ಎಲ್ಲರಿಗೂ ಹುಟ್ಟಿನಿಂದಲೇ ಬರುತ್ತದೆ ಎನ್ನುವ ಪಾಪ. ಯಾರ ಮಾತು ಸರಿ ಎಂದು ಕೇಳಿದ್ದೀರಿ.

ಹಿರಿಯರು ಹೇಳಿದ್ದು ಅವರ ಧರ್ಮಸಭೆಯೇ ಹೇಳದ ಮಾತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ನಿಮ್ಮ ತಂಗಿಗೆ ಈಗ ಪೂರ್ತಿ ಉತ್ತರ ಓದುವ ಚೈತನ್ಯ ಇರಲಿಕ್ಕಿಲ್ಲ.

ಆದರೂ ಅವರು ಅದನ್ನು ಸ್ವಂತವಾಗಿ ಕಟ್ಟಿ ಹೇಳಿದವರಲ್ಲ. ಮನುಷ್ಯ ತನ್ನ ಬಲದಿಂದಲೇ ಒಳ್ಳೆಯವನಾಗಬಲ್ಲ ಎಂದು ಪೆಲೇಜಿಯಸ್ ಎಂಬ ಬೋಧಕ ಕಲಿಸುತ್ತಿದ್ದ ಕಾಲದಲ್ಲಿ ಸಂತ ಆಗಸ್ಟೀನರು ಅವನ ವಿರುದ್ಧ ನಿಂತರು. ಆದಾಮನ ಪಾಪ ಹುಟ್ಟಿನಿಂದಲೇ ಎಲ್ಲರಿಗೂ ಬರುತ್ತದೆ, ಹಸುಗೂಸಿಗೂ ದೀಕ್ಷಾಸ್ನಾನ ಬೇಕು ಎಂದರು. 418ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಮ್ಮೇಳನವೂ ಅದನ್ನೇ ವಿಧಿಸಿತು. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸಿನ ಗತಿ ಏನು ಎಂಬಲ್ಲಿ ಆಗಸ್ಟೀನರು ತಮ್ಮ ತರ್ಕವನ್ನು ಬಿಟ್ಟುಕೊಡಲಿಲ್ಲ: ಶಿಕ್ಷೆ ಉಂಟು, ಆದರೆ ಎಲ್ಲಕ್ಕಿಂತ ಸೌಮ್ಯವಾದದ್ದು ಎಂದರು. ಆ ಮಹಾನುಭಾವರ ಮೇಲೆ ನನಗೆ ಅಪಾರ ಗೌರವವಿದೆ; ಈ ಒಂದು ಮಾತನ್ನು ಮಾತ್ರ ಒಪ್ಪಲಾರೆ. ಮಧ್ಯಯುಗದ ಪಂಡಿತರಿಗೂ ಅದು ಗಂಟಲಲ್ಲಿ ಇಳಿಯಲಿಲ್ಲ. ಅವರು ಲಿಂಬೊ ಎಂಬ ನೆಲೆಯನ್ನು ಊಹಿಸಿದರು. ಅಲ್ಲಿ ನೋವಿಲ್ಲ, ಒಂದು ಬಗೆಯ ಸುಖವೇ ಇದೆ, ಆದರೆ ದೇವರ ದರ್ಶನವಿಲ್ಲ. ತಲೆಮಾರುಗಳ ಕಾಲ ಮಕ್ಕಳಿಗೆ ಇದನ್ನೇ ಕಲಿಸಲಾಯಿತು. ನಿಮ್ಮ ಬೀಗರೂ ಹಾಗೆ ಕಲಿತವರಿರಬೇಕು. ಅವರೊಡನೆ ಜಗಳ ಬೇಡ.

ಆದರೆ ಲಿಂಬೊ ಎಂದೂ ವಿಶ್ವಾಸದ ಕಡ್ಡಾಯ ಬೋಧನೆಯಾಗಿರಲಿಲ್ಲ. ಕಥೋಲಿಕ ಧರ್ಮಸಭೆ ತನ್ನ ಬೋಧನೆಗಳನ್ನು ಸಂಗ್ರಹಿಸಿದ 1992ರ ಧರ್ಮೋಪದೇಶ ಗ್ರಂಥದಲ್ಲಿ ಅದರ ಹೆಸರೇ ಇಲ್ಲ. ಇಂಥ ಕೂಸುಗಳನ್ನು ದೇವರ ಕರುಣೆಗೆ ಒಪ್ಪಿಸಬೇಕು ಎಂದು ಅಲ್ಲಿ ಹೇಳಿದೆ. ಚಿಕ್ಕ ಮಕ್ಕಳನ್ನು ತಡೆಯಬೇಡಿ ಎಂದ ಯೇಸುವಿನ ಮಾತನ್ನೇ ಆಧಾರವಾಗಿ ಕೊಟ್ಟಿದೆ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಇದೇ ವಿಷಯದ ಮೇಲೆ ದೀರ್ಘ ದಾಖಲೆ ಹೊರತಂದು, ಈ ಕೂಸುಗಳು ರಕ್ಷಣೆ ಹೊಂದುತ್ತವೆ ಎಂದು ನಿರೀಕ್ಷಿಸಲು ಬಲವಾದ ಕಾರಣಗಳಿವೆ ಎಂದಿತು. ‘ನಿರೀಕ್ಷೆ’ ಎಂದಿತೇ ಹೊರತು ‘ಖಚಿತ’ ಎನ್ನಲಿಲ್ಲ. ಆ ಎಚ್ಚರವನ್ನು ನಿಮ್ಮಿಂದ ಮುಚ್ಚಿಡಲಾರೆ.

ನಿಮ್ಮ ಕಡೆಯ, ಅಂದರೆ ಪ್ರೊಟೆಸ್ಟಂಟ್ ಪರಂಪರೆಯನ್ನೂ ನೋಡಿ. ಮಾರ್ಟಿನ್ ಲೂಥರರು ಜನ್ಮಪಾಪದ ವಿಷಯದಲ್ಲಿ ಆಗಸ್ಟೀನರಷ್ಟೇ ಕಟ್ಟುನಿಟ್ಟು. ಅಂಥವರು 1542ರಲ್ಲಿ, ದೀಕ್ಷಾಸ್ನಾನಕ್ಕೆ ಮೊದಲೇ ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗಾಗಿ ಒಂದು ಕಿರುಬರಹ ಬರೆದರು. ಆ ಕೂಸಿಗಾಗಿ ತಾಯಿ ಒಳಗೊಳಗೇ ಮಿಡಿದ ನಿಟ್ಟುಸಿರು ದೇವರ ಮುಂದೆ ಪ್ರಾರ್ಥನೆಯೇ ಎಂದರು. ಇನ್ನು ಬೆಳಗಾವಿ, ವಿಜಯಪುರಗಳಲ್ಲಿ ಸಭೆಗಳಿರುವ ಮೆಥಡಿಸ್ಟರ ವಿಷಯ. ಜನ್ಮಪಾಪ ದೇವರ ಕೋಪಕ್ಕೂ ದಂಡನೆಗೂ ಯೋಗ್ಯ ಎಂದು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ವಿಧಿಯಲ್ಲಿ ಒಂದು ವಾಕ್ಯವಿತ್ತು. 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗಾಗಿ ವಿಧಿಗಳನ್ನು ಸಂಕ್ಷೇಪಿಸುವಾಗ ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಜನ್ಮಪಾಪವನ್ನು ಉಳಿಸಿಕೊಂಡು ಆ ವಾಕ್ಯವನ್ನು ಕೈಬಿಟ್ಟರು.

ಸೋದರಮಾವನವರ ಮಾತಿಗೂ ಆಧಾರವಿದೆ. ತಂದೆಯ ದೋಷಫಲವನ್ನು ಮಗ ಹೊರಬೇಕಾಗಿಲ್ಲ ಎಂದು ಯೆಹೆಜ್ಕೇಲನ 18ನೆಯ ಅಧ್ಯಾಯ ಹೇಳುತ್ತದೆ. ಬ್ಯಾಪ್ಟಿಸ್ಟರು ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದೇ ಇಲ್ಲ. ಆದಾಮನಿಂದ ನಮಗೆ ಬಂದದ್ದು ಮರಣ, ಅವನ ಅಪರಾಧವಲ್ಲ ಎಂಬುದು ಪೂರ್ವದ ಆರ್ಥಡಾಕ್ಸ್ ಸಭೆಗಳ ನಿಲುವು. ನನ್ನ ಮನಸ್ಸು ಹೆಚ್ಚಾಗಿ ಒಲಿಯುವುದು ಅದರ ಕಡೆಗೆ. ಆದರೆ ‘ಪಾಪವೇ ಇಲ್ಲ’ ಎಂದು ಹೊರಟುಬಿಟ್ಟರೆ, ಒಬ್ಬ ಮನುಷ್ಯನಿಂದ ಪಾಪವೂ ಪಾಪದಿಂದ ಮರಣವೂ ಲೋಕಕ್ಕೆ ಬಂದವು ಎನ್ನುವ, ಪೌಲನು ರೋಮಾಪುರದವರಿಗೆ ಬರೆದ ಪತ್ರದ 5ನೆಯ ಅಧ್ಯಾಯಕ್ಕೆ ಏನು ಹೇಳುವುದು? ಕೂಸಿಗೂ ಕ್ರಿಸ್ತನು ಬೇಕು. ಕ್ರಿಸ್ತನ ಕೈ ಪಾದ್ರಿಯ ಕೈಗಿಂತ ಮೊದಲು ಅದನ್ನು ತಲುಪಲಾರದು ಎನ್ನುವುದನ್ನು ಮಾತ್ರ ನಾನು ನಂಬುವುದಿಲ್ಲ.

ತಂಗಿಗೆ ಎರಡನೆಯ ಸಮುವೇಲನ 12ನೆಯ ಅಧ್ಯಾಯ ಓದಿ ಹೇಳಿ. ದಾವೀದನ ಕೂಸು ಸತ್ತದ್ದು ಏಳನೆಯ ದಿನ. ದೇವರೊಡನೆಯ ಒಡಂಬಡಿಕೆಯ ಗುರುತಾದ ಸುನ್ನತಿ ಆಗಬೇಕಾದದ್ದು ಹುಟ್ಟಿದ ಎಂಟನೆಯ ದಿನ. ಆ ಗುರುತೇ ಇಲ್ಲದೆ ಹೋಗಿರಬಹುದಾದ ಆ ಕೂಸಿನ ಬಗ್ಗೆ ದಾವೀದನು, ಅದು ನನ್ನ ಬಳಿಗೆ ಬರುವುದಿಲ್ಲ, ನಾನೇ ಅದರ ಬಳಿಗೆ ಹೋಗುವೆನು ಎಂದ. ಅವನು ಸಮಾಧಿಯನ್ನಷ್ಟೇ ಮನಸ್ಸಿನಲ್ಲಿಟ್ಟು ಹೇಳಿದ ಎನ್ನುವ ವ್ಯಾಖ್ಯಾನಕಾರರೂ ಇದ್ದಾರೆ. ಆದರೆ ಹಾಗೆ ಹೇಳಿದ ಮೇಲೆ ಅವನು ಕೂಸಿನ ತಾಯಿ ಬತ್ಷೆಬೆಯನ್ನು ಸಂತೈಸಿದ ಎಂದೂ ಬರೆದಿದೆ. ಬರೀ ಸಮಾಧಿಯ ಮಾತಿನಿಂದ ತಾಯಿಗೆ ಎಂಥ ಸಮಾಧಾನ?

ಈಗ ಪ್ರಾರ್ಥನೆ ಮಾಡಿಸಬಹುದೇ ಎಂದೂ ಕೇಳಿದ್ದೀರಿ. ಧಾರಾಳವಾಗಿ. ತಂದೆತಾಯಿಗೆ ದೀಕ್ಷಾಸ್ನಾನ ಕೊಡಿಸುವ ಮನಸ್ಸಿದ್ದು ಅಷ್ಟರಲ್ಲೇ ಕೂಸು ತೀರಿಕೊಂಡರೆ, ಧರ್ಮಾಧ್ಯಕ್ಷರ (ಬಿಷಪ್) ಅನುಮತಿಯಿಂದ ದೇವಾಲಯದಲ್ಲೇ ಅಂತ್ಯಸಂಸ್ಕಾರದ ವಿಧಿ ನಡೆಸಲು ಕಥೋಲಿಕ ಧರ್ಮಸಭೆಯ ಕಾನೂನು ಅವಕಾಶ ಕೊಡುತ್ತದೆ. ಮಣ್ಣು ಕೊಟ್ಟಾಗಿದೆ, ನಿಜ. ಆದರೂ ನಿಮ್ಮ ತಂಗಿಯ ಗಂಡ ತಮ್ಮ ಗುರುಗಳ ಬಳಿ ಹೋಗಿ ಕೂಸಿಗಾಗಿ ಪೂಜೆ ಅರ್ಪಿಸಲು ಕೇಳಲಿ. ಆ ಹಿರಿಯರನ್ನೂ ಕರೆದುಕೊಂಡು ಹೋಗಲಿ.

— ಸಂಪಾದಕ, ಬೆಳಗಾವಿ